ಸರ್ಕಾರೀ ಅರಣ್ಯಗಳಲ್ಲಿ ವಿಹಾರಸ್ಥಳಗಳೂ ಕಾಲುದಾರಿಗಳೂ

ಬೆಟ್ಟ ಹತ್ತುವುದು ಈ ನಾಡಿನ ಜನರಿಗೆ ಹೊಸದಲ್ಲ. ದೇವರ ಹರಕೆಗೆಂದೂ ಜಾತ್ರೆಗೆಂದೂ, ಸೊಪ್ಪುಸೌದೆಗಾಗಿಯೂ, ಜೇನು ಸೀಗೆಗಳಿಗಾಗಿಯೂ, ದನ ಮೇಯಿಸುವುದಕ್ಕಾಗಿಯೂ ಗ್ರಾಮಸ್ಥರು ತಲೆತಲಾಂತರದಿಂದ ಅಡವಿಯೊಳಕ್ಕೆ ಹೋಗಿಬರುತ್ತಿರುವರು. ಅಂತಹ ದಾರಿಗಳು ಸಾಮಾನ್ಯವಾಗಿ ಒಂದಾಳು ನಡೆಯುವಷ್ಟೇ ಅಗಲವಾಗಿದ್ದು, ಜಾತ್ರೆ ಮುಗಿದ ಮೇಲೆ ಮುಂದಿನ ವರ್ಷದೊಳಗಾಗಿ ಹುಲ್ಲು ಬೆಳೆದು ಅರ್ಧಕ್ಕರ್ಧ ಮುಚ್ಚಿಹೋಗುತ್ತಿದ್ದುವು. ಈಚಿನ ಕೆಲವು ದಶಕಗಳಲ್ಲಿ ಈ ಸ್ಥಿತಿ ಬದಲಾಗಿರುತ್ತದೆ. ಪಟ್ಟಣವಾಸಿಗಳು ದೇಹಾರೋಗ್ಯಕ್ಕಾಗಿಯೂ ಮನಸ್ಸಂತೋಷಕ್ಕಾಗಿಯೂ ಬೆಟ್ಟಗಳಿಗೆ ವಾರವಾರವೂ ಬರುತ್ತಿರುವರು. ಇದಕ್ಕೆ ಚಾರಣವೆಂದು ಹೆಸರಾಗಿದೆ. ರಾಜ್ಯದಲ್ಲೆಲ್ಲಾ ಅತ್ಯುನ್ನತವಾದ, ಸುಮಾರು ೬,೩೦೦ ಅಡಿ ಎತ್ತರದ ಮುಳ್ಳಯ್ಯನಗಿರಿ, ಕೊಡಗಿನ ತಡಿಯಂಡಮೋಳ್, ಕುದುರೆಮುಖ, ಪುಷ್ಪಗಿರಿ ವನ್ಯಜೀವಿಧಾಮದಲ್ಲಿರುವ ಕುಮಾರಪರ್ವತ, ಬಯಲುಸೀಮೆಯಲ್ಲಿ ಸಾವನದುರ್ಗ, ಸ್ಕಂದಗಿರಿ ಮುಂತಾದ ಸ್ಥಳಗಳು ಇದಕ್ಕೆ ಪ್ರಸಿದ್ಧವಾಗಿವೆ.

ಜನರು ಅಡವಿಯನ್ನು ನೋಡಬರುವುದು ಕೆಟ್ಟದ್ದೆಂದು ಯಾರೂ ಹೇಳಲಾರರು. ಅಡವಿಯ ಬೆಲೆ ತಿಳಿಯದವರು ಅದನ್ನು ಕಾಪಾಡುವುದಕ್ಕೆ ಮುಂದೆ ಬರುವುದಿಲ್ಲ; ಹಳ್ಳಿಯ ಯುವಕರಿಗೂ ದಾರಿ ತೋರಿಸುವುದರಿಂದಲೂ ಊಟೋಪಚಾರಗಳಿಂದಲೂ ನಾಲ್ಕು ಕಾಸು ದೊರೆಯುತ್ತದೆ. ಆದರೆ ಬರುವವರ ಸಂಖ್ಯೆಗೆ ಮಿತಿಯಿಲ್ಲದೆ ಹೋದರೆ ಏನಾಗುವುದೆಂಬುದಕ್ಕೆ ೨೦೨೪ನೆಯ ಜನವರಿ ತಿಂಗಳೇ ನಿದರ್ಶನ. ಆ ವರ್ಷ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ಕಾಲುದಾರಿಯಲ್ಲಿ ಸಾವಿರಾರು ಜನರು ಒಮ್ಮೆಗೇ ನೆರೆದರು. ಇದರ ಮೇಲೆ ಸರ್ಕಾರದವರು, ಮುಂಗಡವಾಗಿ ಹೆಸರು ನೋಂದಾಯಿಸುವ ಏರ್ಪಾಡಿಲ್ಲದ ದಾರಿಗಳಲ್ಲಿ ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಅದೇ ವರ್ಷ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ವೆಂಬ ನೋಂದಣಿ ವ್ಯವಸ್ಥೆಯನ್ನು ತೆರೆದು, ಒಂದು ದಾರಿಗೆ ದಿನವೊಂದಕ್ಕೆ ೩೦೦ ಮಂದಿಯೆಂದು ಮಿತಿಯನ್ನು ಗೊತ್ತುಮಾಡಿದರು.

ಈ ಏರ್ಪಾಡೆಲ್ಲವೂ ಅರಣ್ಯ ಇಲಾಖೆಗೂ ಪಟ್ಟಣದವರಿಗೂ ಸಂಬಂಧಪಟ್ಟದ್ದು, ಹೊಲಗದ್ದೆಗಳುಳ್ಳವರಿಗೆ ಇದರಲ್ಲಿ ಏನು ಕೆಲಸವೆಂದು ಕೆಲವರು ಕೇಳಬಹುದು. ಕೆಲಸವಿದೆ. ಅಡವಿಯ ಕಾಲುದಾರಿಯ ಮೇಲ್ತುದಿ ಬೆಟ್ಟದ ನೆತ್ತಿಯಲ್ಲಿದ್ದರೂ ಕೆಳತುದಿ ಊರಿನಲ್ಲಿಯೇ ಇರುತ್ತದೆ. ಮನುಷ್ಯರಿಗೆ ಅದು ಹತ್ತುವ ದಾರಿ; ಮಳೆಯ ನೀರಿಗೆ ಅದು ಇಳಿಯುವ ಕಾಲುವೆ. ಬೆಟ್ಟದ ದಾರಿಯನ್ನು ಕಾಲುವೆಯೆಂದು ಎಣಿಸಿ ನೋಡದಿದ್ದವರು ಅದನ್ನು ಸರಿಯಾಗಿ ಹಾಕಲಾರರು, ಕಾಪಾಡಲೂ ಆರರು.

ಒಂದು ಲೆಕ್ಕವನ್ನು ನೋಡಬಹುದು. ನಾಲ್ಕು ಅಡಿ ಅಗಲ, ಒಂದು ಮೈಲಿ ಉದ್ದದ ದಾರಿಯು ೨೧,೧೨೦ ಚದರಡಿ, ಎಂದರೆ ಹೆಚ್ಚುಕಡಮೆ ೧೯ ಗುಂಟೆ ನೆಲವನ್ನು ಆಕ್ರಮಿಸುತ್ತದೆ. ಜನರ ಕಾಲ್ತುಳಿತದಿಂದ ಈ ೧೯ ಗುಂಟೆ ನೆಲವು ಕಣದಂತೆ ಗಟ್ಟಿಯಾಗಿ ನೀರನ್ನು ಹೀರುವುದಿಲ್ಲ. ಅದರ ಮೇಲೆ ಒಂದಂಗುಲ ಮಳೆ ಬಿದ್ದರೆ ಸೇರುವ ನೀರು ೧,೭೬೦ ಘನ ಅಡಿ, ಅಥವಾ ಸುಮಾರು ೫೦,೦೦೦ ಲೀಟರು. ಎಡಬಲದ ಇಳಿಜಾರಿನಿಂದ ಬಂದು ಸೇರತಕ್ಕ ನೀರು ಈ ಲೆಕ್ಕಕ್ಕೆ ಹೊರತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೩೦೦ ಅಂಗುಲದ ಹತ್ತಿರ ಹತ್ತಿರ ಮಳೆಯಾಗುವುದೆಂಬುದನ್ನು ಇಲ್ಲಿ ಜ್ಞಾಪಿಸಿಕೊಳ್ಳಬೇಕು. ಈ ನೀರಿಗೆ ಪಕ್ಕಕ್ಕೆ ಹೋಗಲು ಎಡೆಯಿಲ್ಲದಿದ್ದರೆ ಅದು ದಾರಿಯನ್ನೇ ಹಿಡಿದು ಕೆಳಗಿಳಿಯುತ್ತ, ಇಳಿದಷ್ಟೂ ವೇಗವನ್ನು ಪಡೆದು, ದಾರಿಯ ಮಣ್ಣನ್ನು ಕೊರೆದುಕೊಂಡು ಹೋಗುತ್ತದೆ. ಈ ಒಂದು ಮೈಲಿ ದಾರಿಯು ಮೂರಂಗುಲ ಆಳಕ್ಕೆ ಕೊಚ್ಚಿತೆಂದರೆ ೫,೨೮೦ ಘನ ಅಡಿ ಮಣ್ಣು ಹೋದಂತಾಯಿತು. ಗಾಡಿಯೊಂದಕ್ಕೆ ೨೦ ಘನ ಅಡಿಯಂತೆ ಹಿಡಿದರೆ ಇದು ೨೬೪ ಗಾಡಿ ಮಣ್ಣು. ಇದು ಹೋಗಿ ಸೇರುವುದು ಕೆಳಗಿನ ತೋಟದ ಕಪ್ಪುಗಾಲುವೆ, ಗದ್ದೆಯ ಬಯಲು, ಊರ ಕೆರೆ ಇವುಗಳಲ್ಲಿಯೇ. ಕೆರೆಯ ಹೂಳನ್ನು ತೆಗೆಸುವುದಕ್ಕೆ ಎಷ್ಟು ವೆಚ್ಚವಾಗುವುದೆಂಬುದು ಗ್ರಾಮದ ಹಿರಿಯರಿಗೆ ಹೇಳತಕ್ಕ ವಿಷಯವಲ್ಲ.

ಮಲೆನಾಡಿನ ಎತ್ತರವಾದ ಬೆಟ್ಟಗಳ ಮೇಲೆ ಹುಲ್ಲುಗಾವಲೂ ಅದರ ಮಡಿಕೆಗಳಲ್ಲಿ ಶೋಲೆಯೆಂಬ ದಟ್ಟವಾದ ಕುರುಚಲು ಮರಗಳ ಕಾಡೂ ಇರುತ್ತವೆ. ಮಳೆಯ ನೀರನ್ನು ಹಿಡಿದಿಟ್ಟುಕೊಂಡು ಬೇಸಗೆಯಲ್ಲಿ ಸ್ವಲ್ಪಸ್ವಲ್ಪವಾಗಿ ಹಳ್ಳಗಳಿಗೆ ಬಿಡುವುವು ಇವೇ. ತುಂಗೆಯೂ ಭದ್ರೆಯೂ ಹುಟ್ಟುವ ಗಂಗಾಮೂಲವು ಕುದುರೆಮುಖದ ಸೀಮೆಯಲ್ಲಿದೆ. ಕುಮಾರಧಾರೆಯು ಕುಮಾರಪರ್ವತದಿಂದ ಇಳಿಯುತ್ತದೆ. ಇಂತಹ ಹುಲ್ಲುಗಾವಲಿನಲ್ಲಿ ಹುಲ್ಲಿನ ಬೇರಿನ ಜಾಲವೇ ಮಣ್ಣಿಗೆ ಕಟ್ಟೆ. ದಾರಿಯಲ್ಲಿ ಕೆಸರಾದಾಗ ನಡೆಯುವವರು ಕೆಸರನ್ನು ತಪ್ಪಿಸಿ ಪಕ್ಕದ ಹುಲ್ಲಿನ ಮೇಲೆ ಕಾಲಿಡುವರು. ಅಲ್ಲಿ ಹುಲ್ಲು ಸತ್ತು ಮತ್ತೆ ಕೆಸರಾಗುವುದು. ಅದರಾಚೆಗೆ ಮತ್ತೊಂದು ದಾರಿ ಏಳುವುದು. ಹೀಗೆ ಎರಡಡಿ ದಾರಿಯು ಕೆಲವು ವರ್ಷಗಳಲ್ಲಿಯೇ ಇಪ್ಪತ್ತಡಿ ಅಗಲದ ಬೋಳುನೆಲವಾಗುವುದುಂಟು. ಆದಕಾರಣ ಕೆಸರಾಗದಂತೆ ನೋಡಿಕೊಳ್ಳುವುದೇ ದಾರಿ ಅಗಲವಾಗದಂತೆ ತಡೆಯತಕ್ಕ ಮೊದಲನೆಯ ಉಪಾಯ.

ಇನ್ನು ದಾರಿಯನ್ನು ಹಾಕತಕ್ಕ ಕ್ರಮ. ಮನುಷ್ಯನೂ ಆಡೂ ತಮ್ಮ ಮನಸ್ಸಿಗೆ ಬಂದಂತೆ ಹೋದರೆ ನೆತ್ತಿಗೆ ನೇರವಾಗಿ ಹತ್ತುವರು. ನೀರು ಹರಿದು ಇಳಿಯುವ ಗೆರೆಯೂ ಅದೇ ಆದ್ದರಿಂದ ನೇರದಾರಿಯು ಬೇಗನೆ ಕೊರಕಲಾಗುತ್ತದೆ. ಹೊಲದಲ್ಲಿ ಇಳಿಜಾರಿಗೆ ಅಡ್ಡಲಾಗಿ ಬದು ಹಾಕುವ ರೈತನಿಗೆ ಇದರ ಪರಿಹಾರ ತಾನಾಗಿಯೇ ಹೊಳೆಯುವುದು: ದಾರಿಯು ಬೆಟ್ಟದ ಪಕ್ಕೆಯನ್ನು ಅಡ್ಡಲಾಗಿ ಹಿಡಿದು ಮೆಲ್ಲಮೆಲ್ಲನೆ ಏರತಕ್ಕದ್ದು. ಎಷ್ಟು ಮೆಲ್ಲನೆ ಎಂಬುದಕ್ಕೆ ದಾರಿ ಹಾಕುವುದರಲ್ಲಿ ಅನುಭವವುಳ್ಳವರು ಒಂದು ನಿಯಮವನ್ನು ಹೇಳುವರು. ಬೆಟ್ಟದ ಪಕ್ಕೆಯು ಹತ್ತಡಿಗೆ ಎಷ್ಟು ಇಳಿಯುವುದೋ ಅದರ ಅರ್ಧಕ್ಕಿಂತ ದಾರಿಯ ಏರು ಹೆಚ್ಚಾಗಿರಕೂಡದು. ಪಕ್ಕೆಯು ಹತ್ತಡಿಗೆ ಒಂದೂವರೆ ಅಡಿ ಇಳಿಜಾರಾಗಿದ್ದರೆ ದಾರಿಯು ಹತ್ತಡಿಗೆ ಮುಕ್ಕಾಲು ಅಡಿಗಿಂತ ಹೆಚ್ಚಾಗಿ ಏರಬಾರದು. ಪಕ್ಕೆ ಎಷ್ಟೇ ಕಡಿದಾಗಿದ್ದರೂ ದಾರಿಯ ಒಟ್ಟಿನ ಏರು ಸರಾಸರಿಯಲ್ಲಿ ಹತ್ತಡಿಗೆ ಒಂದಡಿಯನ್ನು ಮೀರದಿರುವುದು ಲೇಸು. ಇದನ್ನು ಅಳೆಯುವುದಕ್ಕೆ ದೊಡ್ಡ ಯಂತ್ರಗಳು ಬೇಕಾಗಿಲ್ಲ. ಗಾರೆಕೆಲಸದವರು ಮಟ್ಟ ನೋಡುವುದಕ್ಕೆ ಉಪಯೋಗಿಸುವ ನೀರುತುಂಬಿದ ಪಾರದರ್ಶಕ ಕೊಳವೆಯೂ, ಅಡಿಗುರುತು ಮಾಡಿದ ಎರಡು ಗಳುಗಳೂ ಸಾಕು.

ಏರು ಕಡಮೆಯಾದರೆ ಮಾತ್ರ ಸಾಲದು. ಬಂದ ನೀರು ದಾರಿಯ ಮೇಲೆ ನಿಲ್ಲದೆ, ಅದರ ಉದ್ದಕ್ಕೂ ಹರಿಯದೆ, ಅಡ್ಡಲಾಗಿ ದಾಟಿ ಕೆಳಗಿನ ಹುಲ್ಲಿಗೆ ಹೋಗಬೇಕು. ಇದಕ್ಕಾಗಿ ದಾರಿಯ ಹೊರಗಿನ ಅಂಚನ್ನು ಒಳಗಿನ ಅಂಚಿಗಿಂತ ತುಸು ತಗ್ಗಾಗಿ ಮಾಡತಕ್ಕದ್ದು. ನಾಲ್ಕಡಿ ಅಗಲದ ದಾರಿಗೆ ಎರಡರಿಂದ ಎರಡೂವರೆ ಅಂಗುಲದ ವಾಟ ಸಾಕು. ಕಾಲಕ್ರಮದಲ್ಲಿ ನಡೆಯುವವರ ತುಳಿತದಿಂದ ದಾರಿಯ ನಡುವು ಕುಸಿದು ಹೊರಗಿನ ಅಂಚಿನಲ್ಲಿ ಮಣ್ಣಿನ ದಿಂಡು ಏಳುವುದು. ನೋಡುವುದಕ್ಕೆ ಇದು ಚಿಕ್ಕ ವಿಷಯವಾದರೂ ದಾರಿ ಕೆಡುವುದು ಬಹುಮಟ್ಟಿಗೆ ಈ ದಿಂಡಿನಿಂದಲೇ. ವರ್ಷಕ್ಕೊಮ್ಮೆ ಗುದ್ದಲಿಯಿಂದ ಅದನ್ನು ಕೆರೆದು ಹಾಕಿದರೆ ಅರ್ಧ ಕೆಲಸವಾದಂತೆಯೇ. ಇದರ ಜೊತೆಗೆ, ಏರುವ ದಾರಿಯನ್ನು ಅಲ್ಲಲ್ಲಿ ನಾಲ್ಕಾರು ಮಾರು ಇಳಿಯುವಂತೆ ಮಾಡಿ ಮತ್ತೆ ಏರಿಸಬೇಕು. ಹಾಗೆ ಮಾಡಿದ ತಗ್ಗಿನಲ್ಲಿ ನೀರು ದಾರಿಯನ್ನು ಬಿಟ್ಟು ಹೊರಕ್ಕೆ ಹೋಗಲೇಬೇಕಾಗುವುದು. ಇಂತಹ ತಗ್ಗುಗಳಿಗೆ ಅವಕಾಶವಿಲ್ಲದ ಹಳೆಯ ದಾರಿಗಳಲ್ಲಿ ಕಲ್ಲುಗಳನ್ನು ದಾರಿಗೆ ಓರೆಯಾಗಿ ಹುಗಿದು ನೀರುಗಟ್ಟೆಗಳನ್ನು ಹಾಕುವರು. ಆದರೆ ನೀರುಗಟ್ಟೆಯ ಮೂಲೆಯಲ್ಲಿ ಎಲೆಯೂ ಮರಳೂ ತುಂಬಿಕೊಂಡರೆ ನೀರು ಅದರ ಮೇಲೆ ಹಾರಿ ಮೊದಲಿಗಿಂತಲೂ ಹೆಚ್ಚಾಗಿ ಕೊರೆಯುವುದು. ನೋಡಿಕೊಳ್ಳುವವರಿಲ್ಲದ ಕಡೆಯಲ್ಲಿ ನೀರುಗಟ್ಟೆಗೆ ಹಣ ಹಾಕುವುದು ವ್ಯರ್ಥ.

ದಾರಿಯು ಹಳ್ಳವನ್ನು ದಾಟುವ ಸ್ಥಳದಲ್ಲಿ ಎರಡು ಕಡೆಯಿಂದಲೂ ಹಳ್ಳದೊಳಕ್ಕೆ ಇಳಿದು ಆಮೇಲೆ ಏರುವಂತಿರತಕ್ಕದ್ದು. ಒಂದು ಕಡೆಯಲ್ಲಿ ಮಾತ್ರ ಇಳಿಜಾರಾಗಿದ್ದರೆ, ಹಳ್ಳ ತುಂಬಿದ ದಿವಸ ನೀರು ತನ್ನ ಪಾತ್ರವನ್ನು ಬಿಟ್ಟು ದಾರಿಯನ್ನೇ ಹಿಡಿದು ಇಳಿದುಬರುವುದು. ತಿರುವುಗಳಲ್ಲಿ ಜನರು ಅಡ್ಡದಾರಿ ಮಾಡಿಕೊಳ್ಳದಂತೆ ಕಲ್ಲುಗುಂಡುಗಳನ್ನೂ ಒಣಗಿದ ಮುಳ್ಳುಕೊಂಬೆಗಳನ್ನೂ ಹಾಕಿಡಬೇಕು. ಎಚ್ಚರಿಕೆಯ ಹಲಗೆಗಿಂತ ಮುಳ್ಳು ಹೆಚ್ಚು ಕೆಲಸ ಮಾಡುವುದು. ಹಾಸುಬಂಡೆ ಸಿಕ್ಕಿದ ಕಡೆಯಲ್ಲೆಲ್ಲಾ ದಾರಿಯನ್ನು ಬಂಡೆಯ ಮೇಲೆಯೇ ಕೊಂಡೊಯ್ಯುವುದು ಉತ್ತಮ. ಸಾವನದುರ್ಗದಂತಹ ಬಂಡೆಬೆಟ್ಟಗಳಿಗೆ ಈ ಅನುಕೂಲ ಸಹಜವಾಗಿಯೇ ಇದೆ.

ದಾರಿಯನ್ನು ಒಮ್ಮೆ ಚೆನ್ನಾಗಿ ಹಾಕಿದರೆ ಮುಗಿಯಿತೆಂಬ ಭಾವನೆ ತಪ್ಪು. ಕೆರೆಯ ತೂಬನ್ನೂ ಕಾಲುವೆಯನ್ನೂ ನೋಡಿಕೊಳ್ಳುವುದಕ್ಕೆ ಊರಿನಲ್ಲಿ ನೀರುಗಂಟಿಯಿರುತ್ತಿದ್ದಂತೆ ಬೆಟ್ಟದ ದಾರಿಗೂ ಒಬ್ಬ ನೀರುಗಂಟಿ ಬೇಕು. ಅಮೆರಿಕಾ ದೇಶದ ಪೂರ್ವಭಾಗದಲ್ಲಿ ಅಪಲಾಚಿಯನ್ ಕಾಲುದಾರಿಯೆಂಬುದೊಂದಿದೆ. ೧೯೨೧ರಲ್ಲಿ ಬೆಂಟನ್ ಮೆಕೈ ಎಂಬವರು ಇದನ್ನು ಸೂಚಿಸಿದರು. ೧೯೩೭ರಲ್ಲಿ ಇದು ಪೂರ್ತಿಯಾಯಿತು. ೧೪ ಸಂಸ್ಥಾನಗಳಲ್ಲಿ ಹಾದುಹೋಗುವ ಈ ದಾರಿಯ ಉದ್ದವು ಸುಮಾರು ೨,೧೯೦ ಮೈಲಿ. ಇದರ ಬಹುಭಾಗ ಸರ್ಕಾರದ ಅರಣ್ಯಗಳಲ್ಲಿಯೂ ಉದ್ಯಾನಗಳಲ್ಲಿಯೂ ಇದೆ. ಇಷ್ಟು ಉದ್ದದ ದಾರಿಯನ್ನು ಕಾಪಾಡುವುದು ಸಂಬಳದ ನೌಕರರಿಂದ ಮಾತ್ರ ಆಗತಕ್ಕದ್ದಲ್ಲ. ಸ್ಥಳೀಯ ನಡಿಗೆಯ ಸಂಘಗಳು ದಾರಿಯನ್ನು ತುಂಡುತುಂಡಾಗಿ ಹಂಚಿಕೊಂಡು, ತಮ್ಮ ತಮ್ಮ ಪಾಲಿನಲ್ಲಿ ಚರಂಡಿಗಳನ್ನು ಬಿಡಿಸಿ, ಬಿದ್ದ ಮರಗಳನ್ನು ಕಡಿದು ಸರಿಸುತ್ತ ಬಂದಿರುವುವು. ಅಲ್ಲಿಯವರು ಇದನ್ನು ಸಂತೋಷಕ್ಕಾಗಿ ಪುಕ್ಕಟೆಯಾಗಿ ಮಾಡುವರು. ಇಲ್ಲಿ ಕೂಲಿಯಿಂದ ಜೀವಿಸುವ ಗ್ರಾಮಸ್ಥರಿಂದ ಹಾಗೆ ಅಪೇಕ್ಷಿಸುವುದು ನ್ಯಾಯವಲ್ಲ. ಚಾರಣಿಗರಿಂದ ವಸೂಲಾಗುವ ಶುಲ್ಕದಲ್ಲಿ ಒಂದು ಭಾಗವನ್ನು ಆಯಾ ದಾರಿಯ ದುರಸ್ತಿಗೂ, ಅದರ ಕೂಲಿಯನ್ನು ಆಯಾ ಊರಿನವರಿಗೂ ಮೀಸಲಾಗಿಡಬೇಕೆಂದು ಗ್ರಾಮ ಅರಣ್ಯ ಸಮಿತಿಯವರು ಕೇಳತಕ್ಕದ್ದು. ಈ ರಾಜ್ಯದಲ್ಲಿ ಅರಣ್ಯ ಇಲಾಖೆಯವರೂ ಗ್ರಾಮಸ್ಥರೂ ಕೂಡಿ ಅಡವಿಯನ್ನು ನೋಡಿಕೊಳ್ಳುವ ಇಂತಹ ಏರ್ಪಾಡು ೧೯೯೩ರಿಂದ ನಡೆದುಬಂದಿದೆ. ತಮಿಳುನಾಡಿನಲ್ಲಿ ೨೦೨೪ರಲ್ಲಿ ೪೦ ಚಾರಣದಾರಿಗಳನ್ನು ಗೊತ್ತುಮಾಡಿದಾಗ, ಬೆಟ್ಟದ ಬುಡಕಟ್ಟುಗಳವರನ್ನೂ ಸುತ್ತಮುತ್ತಣ ಹಳ್ಳಿಯವರನ್ನೂ ದಾರಿತೋರುಗರನ್ನಾಗಿ ತರಬೇತು ಮಾಡಿ ತೆಗೆದುಕೊಂಡರು.

ದಿನಕ್ಕೆ ೩೦೦ ಮಂದಿಯೆಂಬ ಮಿತಿ ಏನೂ ಇಲ್ಲದಿರುವುದಕ್ಕಿಂತ ಎಷ್ಟೋ ಮೇಲು. ಆದರೆ ಎಲ್ಲಾ ಬೆಟ್ಟಗಳ ಮಣ್ಣೂ ಒಂದೇ ಅಲ್ಲ, ಒಂದೇ ಬೆಟ್ಟದ ಮಣ್ಣು ಎಲ್ಲಾ ತಿಂಗಳಲ್ಲಿಯೂ ಒಂದೇ ಸಮನಾಗಿರುವುದಿಲ್ಲ. ಮಾಗಿಯಲ್ಲಿ ಒಣಗಿ ಗಟ್ಟಿಯಾದ ನೆಲವು ೩೦೦ ಜನರನ್ನು ತಾಳಬಹುದು. ಮಳೆ ಬಿಟ್ಟ ಮರುದಿನ ಅದೇ ನೆಲವು ೫೦ ಜನರನ್ನೂ ತಾಳಲಾರದು. ಒದ್ದೆಯಾದ ಹೊಲಕ್ಕೆ ಯಾವ ರೈತನೂ ದನಗಳನ್ನು ಬಿಡುವುದಿಲ್ಲವಷ್ಟೆ. ಮಳೆಯಾದ ಮೇಲೆ ಮೂರು ನಾಲ್ಕು ದಿವಸ ದಾರಿಯನ್ನು ಮುಚ್ಚುವ ಅಧಿಕಾರವು ಸ್ಥಳದಲ್ಲಿರುವ ವಲಯ ಅರಣ್ಯಾಧಿಕಾರಿಗಳ ಕೈಯಲ್ಲಿದ್ದರೆ ದಾರಿಗೆ ಹೆಚ್ಚು ಉಪಕಾರ.

ಬೇಸಗೆಯ ಭಯ ಬೇರೆ ತರದ್ದು. ಫೆಬ್ರವರಿಯಿಂದ ಮೇ ತಿಂಗಳವರೆಗೆ ಬೆಟ್ಟದ ಹುಲ್ಲು ಒಣಗಿ ಹಂಜಿಯಂತಿರುವುದು. ಬೆಂಕಿಯು ಬಯಲಿಗಿಂತಲೂ ಏರಿನಲ್ಲಿ ಬಹು ವೇಗವಾಗಿ ಹತ್ತುವುದರಿಂದ ಮೇಲಿದ್ದವರಿಗೆ ತಪ್ಪಿಸಿಕೊಳ್ಳುವುದಕ್ಕೆ ವೇಳೆ ಸಿಕ್ಕುವುದಿಲ್ಲ. ೨೦೧೮ನೆಯ ಮಾರ್ಚಿ ೧೧ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋಗಿದ್ದವರು ಕಾಡುಕಿಚ್ಚಿಗೆ ಸಿಕ್ಕಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಮೃತರಾದರು. ಒಣಹುಲ್ಲಿನ ಕಾಲದಲ್ಲಿ ಬೆಟ್ಟದ ಮೇಲೆ ಅಡಿಗೆಯ ಒಲೆ, ಚಳಿಬೆಂಕಿ, ಬೀಡಿ ಸಿಗರೇಟುಗಳಿಗೆ ಅವಕಾಶ ಕೊಡಲೇಕೂಡದು. ಇಲಾಖೆಯವರು ದಾರಿ ಮುಚ್ಚಿದ್ದಾರೆಂದು ತಿಳಿದಮೇಲೆಯೂ ಹಿಂದಣ ಕಾಲುದಾರಿಯಿಂದ ನಾಲ್ಕು ಕಾಸಿನಾಸೆಗೆ ಜನರನ್ನು ಹತ್ತಿಸುವವರು ಊರಿನಲ್ಲಿದ್ದರೆ ಅವರನ್ನು ತಡೆಯುವುದು ಹಿರಿಯರ ಕೆಲಸ. ಶಿವಮೊಗ್ಗ, ಉತ್ತರಕನ್ನಡ, ಚಿಕ್ಕಮಗಳೂರು ಜಿಲ್ಲೆಗಳ ಕಾಡುಗಳಲ್ಲಿ ಮಂಗನ ಕಾಯಿಲೆಯ ಹೆದರಿಕೆಯೂ ಉಂಟು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ೧೯೫೭ರಲ್ಲಿ ಗೊತ್ತಾದ ಈ ಜ್ವರವು ಉಣ್ಣೆಗಳ ಕಡಿತದಿಂದ ಹರಡುವುದು. ಮಳೆಗಾಲ ಕಳೆದು ಬೇಸಗೆ ಮುಗಿಯುವವರೆಗೆ ಇದರ ಕಾಲ. ಕಾಡಿನಲ್ಲಿ ಮಂಗಗಳು ಸತ್ತುಬಿದ್ದದ್ದು ಕಂಡರೆ ಆರೋಗ್ಯ ಇಲಾಖೆಗೆ ಆ ದಿವಸವೇ ತಿಳಿಸಿ ಆ ದಾರಿಯನ್ನು ನಿಲ್ಲಿಸತಕ್ಕದ್ದು.

ತಂಗುವ ಸ್ಥಳ, ಊಟ ಮಾಡುವ ಸ್ಥಳಗಳನ್ನು ನೀರಿನ ಹತ್ತಿರ ಮಾಡುವುದು ಎಲ್ಲರ ಸ್ವಭಾವ; ಆದರೆ ಅದೇ ದೊಡ್ಡ ತಪ್ಪು. ಊರಿನವರು ಕುಡಿಯುವ ನೀರಿನ ಒರತೆ ಬಹುಶಃ ಅದೇ ಆಗಿರುವುದು. ಇಂತಹ ಸ್ಥಳಗಳು ನೀರಿನಿಂದ ೨೦೦ ಅಡಿಗೆ ಕಡಮೆಯಿಲ್ಲದ ದೂರದಲ್ಲಿ, ಹಾಸುಬಂಡೆ ಅಥವಾ ಗಟ್ಟಿನೆಲದ ಮೇಲೆ ಇರತಕ್ಕದ್ದು. ಪಾಯಿಖಾನೆ ಕಟ್ಟಲಾಗದ ಕಡೆ ಮಲವಿಸರ್ಜನೆಗೆ ಆರೇಳು ಅಂಗುಲದ ಗುಳಿ ತೋಡಿ ಮಣ್ಣು ಮುಚ್ಚುವ ಪದ್ಧತಿಯನ್ನು ದಾರಿತೋರುಗರು ಬಂದವರಿಗೆ ಸಂಕೋಚವಿಲ್ಲದೆ ಹೇಳಿಕೊಡಬೇಕು. ಪ್ಲಾಸ್ಟಿಕ್ಕಿನ ಚೀಲಗಳನ್ನು ದನಗಳೂ ಕಡವೆಗಳೂ ಉಪ್ಪಿನ ರುಚಿಗೆ ತಿನ್ನುವುವು. ಹತ್ತುವಾಗ ಎಣಿಸಿ, ಇಳಿಯುವಾಗ ಎಣಿಸಿ ನೋಡುವ ಪದ್ಧತಿಯೇ ಇದಕ್ಕೆ ತಕ್ಕದ್ದು.

ಜಮೀನ್ದಾರರು ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಅಡವಿಯ ಗಡಿಯವರೆಗಿನ ಅರ್ಧ ಮೈಲಿ ದಾರಿಯು ಅನೇಕ ಕಡೆಗಳಲ್ಲಿ ಖಾಸಗೀ ತೋಟಗಳ ಮೂಲಕವೇ ಹೋಗುವುದು. ಅಲ್ಲಿ ಜೀಪುಗಳಿಗಾಗಿ ಬೆಟ್ಟದ ಪಕ್ಕೆಯನ್ನು ನೆಟ್ಟಗೆ ಕಡಿದು ದಾರಿ ಮಾಡಿದರೆ, ಅಡವಿಯಲ್ಲಿ ಎಷ್ಟು ಜಾಗರೂಕತೆಯಿಂದ ಚರಂಡಿ ತೆಗೆದರೂ ಪ್ರಯೋಜನವಿಲ್ಲ. ಜೀಪಿನ ಎರಡು ಚಕ್ರಗಳ ಜಾಡು ಎರಡು ಕಾಲುವೆಗಳೇ ಸರಿ. ಏರಿನಲ್ಲಿ ಚಕ್ರ ತಿರುಗಿದಲ್ಲೆಲ್ಲಾ ಮಣ್ಣು ಸಡಿಲವಾಗುವುದು. ವಾಹನಗಳನ್ನು ಕೆಳಗಿನ ಸಮನೆಲದಲ್ಲಿಯೇ ನಿಲ್ಲಿಸಿ ಅಲ್ಲಿಂದ ಮುಂದೆ ನಡೆದುಹೋಗುವಂತೆ ಮಾಡಿದರೆ ತೋಟದವರಿಗೆ ಸಿಕ್ಕತಕ್ಕ ಹಣವೇನೂ ಕಡಮೆಯಾಗುವುದಿಲ್ಲ.

ಸರ್ಕಾರೀ ಅರಣ್ಯದೊಳಗೆ ಗ್ರಾಮಸ್ಥರು ತಾವಾಗಿಯೇ ದಾರಿ ಕಡಿಯುವುದು ೧೯೬೩ರ ಕರ್ನಾಟಕ ಅರಣ್ಯ ಕಾಯಿದೆಗೆ ವಿರೋಧ. ವನ್ಯಜೀವಿಧಾಮಗಳಲ್ಲಾದರೆ ೧೯೭೨ರ ವನ್ಯಜೀವಿ ಕಾಯಿದೆಯ ಕಟ್ಟೂ ಇರುವುದು. ಆದರೆ ಗ್ರಾಮಕ್ಕೆ ಮಾತೇ ಇಲ್ಲವೆಂದಲ್ಲ. ೨೦೦೬ರ ಅರಣ್ಯ ಹಕ್ಕು ಕಾಯಿದೆಯ ೫ನೆಯ ಪ್ರಕರಣದಂತೆ, ಅರಣ್ಯ ಹಕ್ಕುದಾರರಿರುವ ಕಡೆಗಳಲ್ಲಿ ಜಲಾನಯನ ಪ್ರದೇಶವೂ ನೀರಿನ ಮೂಲಗಳೂ ಕೆಡದಂತೆ ನೋಡಿಕೊಳ್ಳುವ ಅಧಿಕಾರ ಹಕ್ಕುದಾರರಿಗೂ ಗ್ರಾಮಸಭೆಗೂ ಉಂಟು. ಇದಲ್ಲದೆ, ೧೯೮೦ರ ಅರಣ್ಯ ಸಂರಕ್ಷಣಾ ಕಾಯಿದೆಯು ೨೦೨೩ರಲ್ಲಿ ತಿದ್ದುಪಡಿಯಾದಾಗ, ಅರಣ್ಯದ ಕಾರ್ಯಯೋಜನೆಯಲ್ಲಿ ಸೇರಿರುವ ಪರಿಸರ ಪ್ರವಾಸದ ಸೌಕರ್ಯಗಳನ್ನು ಅರಣ್ಯೇತರ ಕೆಲಸವೆಂದು ಎಣಿಸದಿರುವ ಏರ್ಪಾಡು ಬಂದಿತು. ಎಂದರೆ, ಕಾರ್ಯಯೋಜನೆಯಲ್ಲಿ ಏನು ಬರೆಯಲ್ಪಡುವುದೋ ಅದಕ್ಕೆ ಈಗ ಮೊದಲಿಗಿಂತ ಹೆಚ್ಚು ಬೆಲೆ. ಅದು ತಯಾರಾಗುವ ಕಾಲದಲ್ಲಿಯೇ, ಯಾವ ಒರತೆಯ ಮೇಲೆ ದಾರಿ ಬರಕೂಡದು, ಯಾವ ಪಕ್ಕೆ ಕುಸಿಯತಕ್ಕದ್ದು, ಆನೆಗಳು ಯಾವ ಕಣಿವೆಯಲ್ಲಿ ಇಳಿಯುವುವು ಎಂಬಿವೇ ಮೊದಲಾದ ಸಂಗತಿಗಳನ್ನು ಗ್ರಾಮಸ್ಥರು ಲಿಖಿತವಾಗಿ ತಿಳಿಸತಕ್ಕದ್ದು. ಕಟ್ಟಡ ಎದ್ದ ಮೇಲೆ ಅರ್ಜಿ ಬರೆಯುವುದರಿಂದ ಫಲ ಕಡಮೆ.

ಅರ್ಜಿಯಲ್ಲಿ ದಾರಿ ಹಾಳಾಗಿದೆಯೆಂದು ಬರೆದರೆ ಸಾಲದು, ಎಷ್ಟು ಹಾಳಾಗಿದೆಯೆಂಬ ಲೆಕ್ಕವಿರಬೇಕು. ಇದಕ್ಕೆ ಸುಲಭವಾದ ಉಪಾಯವಿದೆ. ವಲಯ ಅರಣ್ಯಾಧಿಕಾರಿಗಳ ಒಪ್ಪಿಗೆ ಪಡೆದು, ದಾರಿಯ ಕಡಿದಾದ ಮೂರು ನಾಲ್ಕು ಸ್ಥಳಗಳಲ್ಲಿ ಎರಡು ಅಂಚಿನಾಚೆಗೂ ಒಂದೊಂದು ಕಬ್ಬಿಣದ ಗೂಟವನ್ನು ಭದ್ರವಾಗಿ ಹೊಡೆದು, ಗೂಟದಿಂದ ಗೂಟಕ್ಕೆ ದಾರವನ್ನು ಮಟ್ಟವಾಗಿ ಎಳೆದು, ದಾರದಿಂದ ನೆಲಕ್ಕೆ ಎಷ್ಟು ಅಂಗುಲವೆಂಬುದನ್ನು ಪ್ರತಿ ಅರ್ಧ ಅಡಿಗೊಮ್ಮೆ ಅಳೆದು ಬರೆದಿಡತಕ್ಕದ್ದು. ರೋಹಿಣಿ ಮಳೆಗೆ ಮುಂಚೆ, ಚರಂಡಿಗಳನ್ನೂ ನೀರುಗಟ್ಟೆಗಳನ್ನೂ ಬಿಡಿಸುವ ಕಾಲದಲ್ಲಿ ಒಮ್ಮೆ. ಸ್ವಾತಿ ಮಳೆ ಕಳೆದು, ನೆಲದಲ್ಲಿ ಇನ್ನೂ ಹಸಿಯಿರುವಾಗ ದುರಸ್ತಿಗೆ ಕೈಹಾಕುವ ಮುನ್ನ ಇನ್ನೊಮ್ಮೆ. ಆರ್ದ್ರಾ ಮಳೆ ಜೋರಾಗಿ ಹೊಡೆಯುವ ದಿವಸ ಕಂಬಳಿ ಹೊದ್ದು ಹೋಗಿ, ನೀರು ಯಾವ ಸ್ಥಳದಲ್ಲಿ ದಾರಿಯನ್ನು ಹಿಡಿಯುವುದು, ಯಾವ ಸ್ಥಳದಲ್ಲಿ ಬಿಡುವುದು ಎಂಬುದನ್ನು ಕಣ್ಣಾರೆ ನೋಡಿ ಅಲ್ಲಲ್ಲಿ ಗುರುತಿಟ್ಟು ಬಂದರೆ ದುರಸ್ತಿಯ ಕೆಲಸ ಬಹಳ ಹಗುರವಾಗುವುದು. ನಾಲ್ಕಡಿ ಅಗಲದ ದಾರಿಯು ಒಂದು ಮಳೆಗಾಲದಲ್ಲಿ ಒಂದಂಗುಲ ಇಳಿದಿದ್ದರೂ ಮೈಲಿಗೆ ೮೮ ಗಾಡಿ ಮಣ್ಣು ಕೆಳಗೆ ಹೋಯಿತೆಂದು ತಿಳಿಯಬೇಕು. ಈ ಲೆಕ್ಕದ ಪುಸ್ತಕವನ್ನು ಗ್ರಾಮ ಪಂಚಾಯಿತಿಯ ಕಚೇರಿಯಲ್ಲಿಟ್ಟು, ಅದರ ಒಂದು ನಕಲನ್ನು ವರ್ಷವರ್ಷವೂ ಅರಣ್ಯ ಇಲಾಖೆಗೆ ಕಳುಹಿಸತಕ್ಕದ್ದು.